ಸೋತ ಕೈಗೆ ಮೊದಲ ನೀರು

ಬೆಳಗಿನ ಐದೂವರೆ. ಅಫಜಲಪುರದ ಒಂದು ಮನೆಯ ಬಚ್ಚಲಲ್ಲಿ ತೊಗರಿ ಕಟ್ಟಿಗೆ ಉರಿಯುತ್ತಿದೆ, ಹಂಡೆ ಹಬೆಯಾಡುತ್ತಿದೆ. ಮಣೆಯ ಮೇಲೆ ಕೂತ ಭಾಗಮ್ಮ, ಚಾಚಿದ ಕಾಲುಗಳ ಮೇಲೆ ಎರಡು ತಿಂಗಳ ಕೂಸನ್ನು ಮಲಗಿಸಿಕೊಂಡಿದ್ದಾರೆ. ಕೂಸಿನ ಎಡಗೈ ಗಾಳಿಯನ್ನು ಗುದ್ದುತ್ತಿದೆ. ಬಲಗೈ ಬಿದ್ದಲ್ಲೇ ಬಿದ್ದಿದೆ. ಮೊದಲ ನೀರು ಅದಕ್ಕೆ.

"ಇದೂ ಆಕಿ ಕೈನೇ ಅಲ್ರಿ? ಮೊದಲ ಇದನ್ನ ಮಾತಾಡಸ್ಬೇಕು." ಬಾಗಿಲಲ್ಲಿ ನಿಂತ ನನಗೆ ಅವರು ಹೇಳುತ್ತಾರೆ.

ಅರವತ್ತೆರಡರ ಭಾಗಮ್ಮ ಮೂವತ್ತು ವರ್ಷಗಳಿಂದ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆಯುತ್ತಾರೆ. ದಿನಕ್ಕೆ ನಾಲ್ಕು ಮನೆ. ಹೆರಿಗೆಯಲ್ಲಿ ಭುಜ ಸಿಕ್ಕಿ, ಕುತ್ತಿಗೆಯ ನರ ಜಗ್ಗಿ ಕೈ ಸೋತ ಕೂಸುಗಳು ಈವರೆಗೆ ಒಂಬತ್ತು. ಮೊದಲನೆಯದು ಕರಜಗಿಯ ಹುಡುಗಿ. ಎಲ್ಲ ಕೂಸುಗಳಿಗೆ ಮಾಡುವಂತೆ ಅದರ ಕೈಗಳನ್ನೂ ಎದೆಯ ಮೇಲೆ ಅಡ್ಡ ಎಳೆದಿದ್ದರು. "ಆ ಚೀರಿದ್ದು ಇನ್ನೂ ಕಿವ್ಯಾಗ ಅದ. ತಪ್ಪು ನಂದ." ಮರುದಿನವೇ ಆ ತಾಯಿಯ ಜೊತೆ ಕಲಬುರಗಿ ಬಸ್ಸು ಹತ್ತಿದರು. ಎಲ್ಲಿ ಹಿಡಿಯಬೇಕು, ಎಷ್ಟು ಮಡಿಸಬೇಕು ಎಂಬುದನ್ನು ಫಿಜಿಯೋಥೆರಪಿಸ್ಟರಿಂದ ಕಲಿತು ಬಂದರು.

ಯಾರೂ ಕಲಿಸದ್ದು ಇನ್ನೊಂದಿದೆ. ತಾಯಿಗೆ ಎರೆಯುವಾಗ ಅವರು ಬಾಗಿಲು ಹಾಕಿ, ಬೇಕೆಂದೇ ಹೊತ್ತು ಮಾಡುತ್ತಾರೆ.

"ನೀರ ಬೀಳೂವಾಗ ಅತ್ತರ ಹೊರಗಿನವರಿಗಿ ಕೇಳಂಗಿಲ್ರಿ."

ಈ ಮನೆಯ ಪ್ರಮಿಲಾ ಶಾಲಾ ಶಿಕ್ಷಕಿ. ಬಸುರಿಯಾಗಿದ್ದಾಗ ಸ್ಕೂಟಿ ಓಡಿಸಿದ್ದಕ್ಕೇ ಹೀಗಾಯಿತು ಎಂಬ ಮಾತು ಕೇಳಿ ಕೇಳಿ, ಮಗಳ ಬಲಗೈಯನ್ನು ಸದಾ ಶಾಲಿನಲ್ಲಿ ಮುಚ್ಚುತ್ತಾರೆ. ತಾವೂ ಮುಟ್ಟುವುದಿಲ್ಲ. ಹನ್ನೆರಡನೇ ದಿನ ಆಗಬೇಕಿದ್ದ ತೊಟ್ಟಿಲ ಕಾರ್ಯ ಮುಂದೆ ಹೋಗಿ ಹೋಗಿ ಇವತ್ತಿಗೆ ಬಂದಿದೆ. ಓಣಿಯ ಹೆಂಗಸರೆಲ್ಲ ಬರುತ್ತಾರೆ.

"ಆಯಿ, ಶಾಲು ಬಿಗಿಯಾಗಿ ಸುತ್ತಿ ಕೊಡ್ರಿ."

"ಇದು ಕೂಸೋ, ಪಾರ್ಸಲ್ಲೋ ಬೇ ಟೀಚರವ್ವ?"

ಪ್ರಮಿಲಾ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಭಾಗಮ್ಮ ಅವರ ಬೆರಳು ಹಿಡಿದು ಕೂಸಿನ ಬಲ ಅಂಗೈಯೊಳಗೆ ಇಡುತ್ತಾರೆ. "ಈಗ ನೀ ಮುಚ್ಚಿದ್ರ, ಸಾಲಿಗಿ ಹೋಗೂವಾಗ ಆಕಿ ತಾನೇ ಮುಚ್ಕೋತಾಳ, ನೋಡು."

ಹನ್ನೊಂದಕ್ಕೆ ಪಡಸಾಲೆ ತುಂಬಿದೆ. ಪ್ರಮಿಲಾ ಶಾಲಿಲ್ಲದೆ ಮಗಳನ್ನೆತ್ತಿಕೊಂಡು ಬರುತ್ತಾರೆ. "ಅಯ್ಯ, ಕೈಗಿ ಏನಾಗ್ಯಾದ?" ಎಂದು ಯಾರೋ ಕೇಳಿಯೇಬಿಡುತ್ತಾರೆ.

"ಹುಟ್ಟೂವಾಗ ನರ ಜಗ್ಗ್ಯಾದ್ರಿ. ಯಾರ ತಪ್ಪೂ ಅಲ್ಲ. ಇವತ್ತಿನಿಂದ ದಿನಾ ನಾನೇ ವ್ಯಾಯಾಮ ಮಾಡಸ್ತೇನಿ."

ಬಾಗಿಲ ಬಳಿ ಕೂತ ಭಾಗಮ್ಮನನ್ನು ಕರಜಗಿಯ ಆ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳುತ್ತೇನೆ.

"ಏಳನೇತ್ತ ಓದಾಕತ್ತಾಳ. ಕೈ ಪೂರಾ ಏಳಂಗಿಲ್ರಿ. ಆದ್ರೂ ಟೀಚರ್ ಪ್ರಶ್ನೆ ಕೇಳಿದ್ರ ಆ ಕೈನೇ ಎತ್ತತಾಳ."