ಮೌಸ್ ಮುಟ್ಟದ ಪವಮಾನ

ನಮ್ಮ ಒಂಟಿಕೊಪ್ಪಲಿನ ಸಾಫ್ಟ್‌ವೇರ್ ಆಫೀಸಿನಲ್ಲಿ ಪವಮಾನ ಮೌಸ್ ಮುಟ್ಟುವವನಲ್ಲ. ಅದನ್ನು ಮೇಜಿನ ಮೂಲೆಗೆ ತಳ್ಳಿ, ಮಡಿ ಕೆಟ್ಟೀತೆಂಬಂತೆ ದೂರ ಕೂರುತ್ತಾನೆ. ಕೋಡ್ ಬರೆಯಲು ಅವನಿಗೆ ಎಡಿಟರ್ ಎಂಬ ಬಹಳ ಹಳೆಯ ತಂತ್ರಾಂಶವೊಂದೇ ಆಗಬೇಕು. ಅದರಲ್ಲಿ ಸಕಲವೂ ಕೀಬೋರ್ಡಿನಲ್ಲೇ ನಡೆಯುತ್ತದೆ. ಒಂದು ಕೀ ಒತ್ತಿದರೆ ಸಾಲು ಮಾಯ, ಇನ್ನೊಂದಕ್ಕೆ ಪುಟವೇ ಮಗುಚುತ್ತದೆ. ಕಾಫಿಗೆ ಕರೆದರೆ “ಈ ಸಾಲು ಮುಗಿಸಿ ಬಂದ್ಬುಟ್ಟೆ ಕಣೋ” ಅನ್ನುತ್ತಾನೆ. ಹೋಟೆಲಿನವನು ಬಾಗಿಲು ಹಾಕಿದರೂ ಬರುವುದಿಲ್ಲ. ಟಿವಿ ರಿಮೋಟಿನಲ್ಲೂ ಶಾರ್ಟ್‌ಕಟ್ ಹುಡುಕುತ್ತಾನೆಂದು ಅವನ ಹೆಂಡತಿ ಮೈತ್ರೇಯಿಯ ದೂರು. ಹೋದ ವರ್ಷ, ಎಲ್ಲರೂ ಮೌಸ್ ಹಿಡಿದೇ ನಡೆಸಬೇಕಾದ ಹೊಸ ಎಡಿಟರನ್ನೇ ಬಳಸಬೇಕೆಂದು ಆಫೀಸಿನಲ್ಲಿ ಆದೇಶವಾಯಿತು. ಪವಮಾನ ಜಗಳಕ್ಕೆ ಹೋಗಲಿಲ್ಲ. ಹಳೆಯದನ್ನೇ ಹೊಸದರ ಹೊಟ್ಟೆಯೊಳಗೆ ಕೂರಿಸಲು ಹೊರಟ. ನೋಡಲು ಹೊಸದು, ಬೆರಳಿಟ್ಟರೆ ಹಳೆಯದು. ಕರ್ಸರ್ ಹೇಳಿದಲ್ಲಿ ನಿಲ್ಲದೆ ವಾರಗಟ್ಟಲೆ ಕಾಡಿತು. “ನಿನ್ನ ಹಟಕ್ಕೆ ಇಷ್ಟೆಲ್ಲ ಬೇಕೇನೋ?” ಎಂದು ನಾನು ಕೇಳಿದರೆ, “ಬೇಕು ಕಣೋ” ಎಂದಷ್ಟೇ ಅಂದ. ಎಲ್ಲ ಸರಿಹೋದ ದಿನ ಅವನು ತನ್ನ ಕುರ್ಚಿ ಬಿಟ್ಟೆದ್ದು, ಆಚೆ ಮೇಜಿನ ಸುಮಾ ಅವರನ್ನು ಕರೆದು ಕೂರಿಸಿದ. ಆ ಆದೇಶಕ್ಕೂ ಮೊದಲೇ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದ ಮೇಲೆ ಮೌಸ್ ಹಿಡಿದರೆ ಸುಮಾ ಅವರಿಗೆ ಜೀವ ಹೋಗುವಷ್ಟು ನೋವು. ಆಗ ಊಟದ ಬಿಡುವಿನಲ್ಲಿ ಪಕ್ಕ ಕೂತು ಅವರಿಗೆ ಹಳೆಯ ಎಡಿಟರ್ ಕಲಿಸಿದವನು ಪವಮಾನ. ಹೊಸ ಆದೇಶ ಬಂದಾಗ ಅವರು ಕೆಲಸ ಬಿಡುವ ಯೋಚನೆಯಲ್ಲಿದ್ದರಂತೆ. ಅದು ಅವನೊಬ್ಬನಿಗೇ ಗೊತ್ತಿತ್ತು. ಸುಮಾ ಅಳುಕುತ್ತಲೇ ಒಂದು ಕೀ ಒತ್ತಿದರು, ಆಮೇಲೆ ಬೆರಳುಗಳು ಓಡತೊಡಗಿದವು. ಸುತ್ತ ನೆರೆದಿದ್ದ ನಮಗೆಲ್ಲ, ನಾವೇ ಮಾಡಿದೆವೇನೋ ಎಂಬಂತೆ ಎದೆ ಉಬ್ಬಿತು. ಅವರು ಪರದೆಯಿಂದ ಕಣ್ಣು ತೆಗೆಯದೆ, “ಹಂಗಾದ್ರೆ ನಾನೆಲ್ಲೂ ಹೋಗಲ್ಲ ಬುಡಿ ಸಾರ್” ಅಂದರು.