ಇಲ್ಲದ ಪೆಡಲ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತುಮಕೂರು ರಸ್ತೆಯ ಲಾರಿ ಸರ್ವಿಸ್ ಸೆಂಟರಿನಲ್ಲಿದ್ದ ವರ್ಷಗಳಲ್ಲಂತೂ ಅದು ಅಲ್ಲಿಂದ ಇಳಿದದ್ದೇ ಕಡಿಮೆ. ಕ್ಲಚ್ ಪೆಡಲ್ಲೇ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ದೊಡ್ಡ ಲಾರಿಗಳು ಆಗಷ್ಟೇ ಬರತೊಡಗಿದ್ದವು. ಯಾವ ಗೇರು ಯಾವಾಗ ಬೀಳಬೇಕೆಂಬ ಸೆಟ್ಟಿಂಗನ್ನು ಲ್ಯಾಪ್‌ಟಾಪ್ ಜೋಡಿಸಿ ಕೂರಿಸುವುದು ನನ್ನ ಕೆಲಸ. ಇಡೀ ಷೆಡ್ಡಿಗೆ ಹೆಂಗಸು ಅಂದರೆ ನಾನೊಬ್ಬಳೇ. ಡ್ರೈವರುಗಳು ನನ್ನನ್ನೊಮ್ಮೆ, ಲ್ಯಾಪ್‌ಟಾಪನ್ನೊಮ್ಮೆ ನೋಡಿ, ಎರಡರ ಮೇಲೂ ನಂಬಿಕೆ ಬಾರದೆ ಟೀ ಕುಡಿಯಲು ಹೋಗುತ್ತಿದ್ದರು.

ಒಬ್ಬ ವಯಸ್ಸಾದ ಡ್ರೈವರ್ ಯಜಮಾನರು ಮಾತ್ರ ಹೋಗದೆ ಪಕ್ಕದಲ್ಲೇ ನಿಂತಿರುತ್ತಿದ್ದರು. ಮಾದನಾಯಕನಹಳ್ಳಿಯ ಹಳೇ ಮನೆತನದವರು, ಮೂವತ್ತು ವರ್ಷ ಲಾರಿ ಓಡಿಸಿದವರು. ಮಾಲೀಕರು ಹೊಸದಾಗಿ ಕೊಂಡ ಲಾರಿಗೆ ಅವರನ್ನು ಹಾಕಿ ನಾಲ್ಕು ತಿಂಗಳಾಗಿತ್ತು. ಬಂದಾಗಲೆಲ್ಲ ಅದೇ ದೂರು.

"ದಿಬ್ಬ ಏರೋವಾಗ ಕೈ ಕೊಡ್ತದೆ ಮೇಡಂ. ಚೆನ್ನಾಗಿ ಎಳೀತಾ ಇದ್ದಿದ್ದು ಇದ್ದಕ್ಕಿದ್ದಂಗೆ ಮೇಲಿನ ಗೇರ್ಗೆ ಓಯ್ತದೆ, ಆಮೇಲೆ ಉಸಿರು ಕಟ್ಟಿ ನಿಂತ್ಕತದೆ."

ನಮ್ಮ ಟೆಸ್ಟ್ ಡ್ರೈವರ್ ಓಡಿಸಿದರೆ ಅದೇ ಗಾಡಿ ಸಲೀಸಾಗಿ ಏರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮೂರು ಸಲವೂ ವರದಿಯಲ್ಲಿ 'ದೋಷವಿಲ್ಲ' ಎಂದು ಬರೆದು ಸಹಿ ಹಾಕಿ ಕಳಿಸಿದ್ದೆ.

ನಾಲ್ಕನೆಯ ಸಲ ಅವರು ಕಬ್ಬಿಣದ ಶೀಟಿನ ಲೋಡನ್ನು ಇಳಿಸದೇ ಬಂದರು. ದೂರು ಹೇಳಲಿಲ್ಲ.

"ಗಾಡೀಲಿ ದೋಷ ಇಲ್ಲ ಅಂದ್ರೆ ಡ್ರೈವರ್ದೇ ದೋಷ ಅಂತ ತಾನೇ ಮೇಡಂ? ಈ ಸಲಾನೂ ಅಂಗೇ ಬರೆದ್ರೆ ಸೋಮವಾರದಿಂದ ಗೋದಾಮಿನ ಗೇಟಲ್ಲಿ ಕೂತ್ಕೊ ಅಂದವ್ರೆ ಸಾವ್ಕಾರ್ರು."

ನಾನು ಬರೆದ ಆ ಒಂದು ಮಾತು ಹೀಗೂ ಓದಿಸಿಕೊಳ್ಳುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಲ್ಯಾಪ್‌ಟಾಪ್ ಎತ್ತಿಕೊಂಡು, "ನಡೀರಿ ಯಜಮಾನ್ರೇ, ನೀವೇ ಓಡಿಸ್ರಿ, ನಾ ಪಕ್ಕದಾಗ ಕೂರ್ತೀನಿ" ಅಂದೆ. ಸಿಟ್ಟು ಬಂದಾಗಲೂ ಅಳು ಬಂದಾಗಲೂ ನನ್ನ ದಾವಣಗೆರೆ ಮಾತು ತಾನಾಗಿ ಹೊರಗೆ ಬರುತ್ತದೆ.

ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕ್ಯಾಬಿನ್ ಹತ್ತಿದರು. ನೆಲಮಂಗಲ ದಾಟಿ ಒಂದು ಉದ್ದನೆಯ ಏರು ಇದೆ. ಅರ್ಧ ಏರಿದ್ದೆವು. ಎಂಜಿನ್ನಿನ ದನಿ ಜೋರಾಯಿತು. ಆಗ ಅವರ ಎಡಗಾಲು ನೆಲವನ್ನು ಒತ್ತಿತು, ಅದೇ ಕ್ಷಣಕ್ಕೆ ಬಲಗಾಲು ಆಕ್ಸಿಲರೇಟರ್ ಬಿಟ್ಟು ಮೇಲೆದ್ದಿತು. ಗಾಡಿ ಥಟ್ಟನೆ ಮೇಲಿನ ಗೇರಿಗೆ ಹೋಗಿ ಏದುಸಿರು ಬಿಡುತ್ತ ನಿಂತೇಬಿಟ್ಟಿತು.

"ಎಡಗಾಲಲ್ಲಿ ಏನ್ ಮಾಡಿದ್ರಿ?"

"ಎಡಗಾಲಾ? ಅಲ್ಲೇನೂ ಇಲ್ವಲ್ಲ ಮೇಡಂ."

ಇಬ್ಬರೂ ಬಗ್ಗಿ ನೋಡಿದೆವು. ನಾಲ್ಕು ತಿಂಗಳ ಹೊಸ ಲಾರಿ. ಕ್ಲಚ್ ಇರಬೇಕಿದ್ದ ಜಾಗದಲ್ಲಿ ರಬ್ಬರ್ ಮ್ಯಾಟು ಒಂದು ಪಾದದಷ್ಟು ಅಗಲಕ್ಕೆ ಸವೆದು ಬಿಳಿಚಿಕೊಂಡಿತ್ತು.

ಸವೆದ ಜಾಗದ ಮೇಲೆ ಅವರು ಬೆರಳಾಡಿಸಿದರು. "ಎಂಜಿನ್ ಅಂಗೆ ಕೂಗಿದ್ರೆ ಕಾಲು ತಾನೇ ಎದ್ದೋಯ್ತದೆ ತಾಯಿ. ಕಿವಿ ಹೇಳ್ತದೆ, ಕಾಲು ಕೇಳ್ತದೆ. ನಡುವೆ ನನ್ನ ಯಾರೂ ಕೇಳಲ್ಲ" ಅಂದರು.

ಹಳೇ ಲಾರಿಯಲ್ಲಿ ಗೇರು ಬದಲಿಸುವಾಗ ಎಡಗಾಲು ಕ್ಲಚ್ ಒತ್ತಬೇಕು, ಬಲಗಾಲು ಏಳಬೇಕು; ಈ ಗಾಡಿಗೆ ಗೊತ್ತಾಗುವುದು ಬಲಗಾಲೊಂದೇ. ಅದು ಎದ್ದರೆ, ಇವರಿಗಿನ್ನು ಎಳೆತ ಬೇಡವಾಯಿತು ಎಂದುಕೊಂಡು ಗೇರು ಏರಿಸುತ್ತದೆ. ಇದನ್ನು ವಿವರಿಸಿ, ಕಾಲು ಎತ್ತದೇ ಓಡಿಸಲು ಹೇಳಿದೆ. ಹಿಂದಕ್ಕೆ ಹೋಗಿ ಇನ್ನೂ ಎರಡು ಸಲ ಏರಿದೆವು. ಎರಡು ಸಲವೂ ಅವರು ಹಲ್ಲು ಕಚ್ಚಿ ಕೂತಿದ್ದಂತೆಯೇ ಕಾಲು ಎದ್ದಿತು. ಮೂವತ್ತು ವರ್ಷ ಗೇರ್ ಬಾಕ್ಸ್ ಒಂದು ದಿನವೂ ಕಿರುಗುಟ್ಟದಂತೆ ನೋಡಿಕೊಂಡ ಕಾಲು ಅದು. ನನಗೆ ಸಿಟ್ಟು ಬರಲಿಲ್ಲ. ಅವರ ಮೇಲೆ ಪ್ರೀತಿ ಬಂತು, ಹೇಳಲು ಸಂಕೋಚವೇನಿದೆ.

ರಸ್ತೆ ಬದಿಗೆ ನಿಲ್ಲಿಸಲು ಹೇಳಿ, ಲ್ಯಾಪ್‌ಟಾಪಿನಲ್ಲಿ ಸೆಟ್ಟಿಂಗ್ ತೆರೆದು ನೋಡಿದೆ. ಲಾರಿ ಮಾಲೀಕರ ಕೈ ಸೇರಿದ ದಿನ ಡೀಸೆಲ್ ಉಳಿತಾಯದ, ಸಪಾಟು ರಸ್ತೆಯ ಸೆಟ್ಟಿಂಗ್ ಕೂರಿಸಿದ್ದವಳು ನಾನೇ. ಕಾಲು ಎದ್ದ ಕೂಡಲೇ ಗೇರು ಏರಿಸು ಎಂದು ಹೇಳಿಕೊಟ್ಟವಳೂ ನಾನೇ. ಎಷ್ಟು ಲೋಡು, ಎಂಥ ರಸ್ತೆ ಎಂದು ಫಾರಮ್ಮಿನಲ್ಲಿ ಕೇಳಿದ್ದೆ. ಓಡಿಸುವವರನ್ನು ಏನೂ ಕೇಳಿರಲಿಲ್ಲ. ಈಗ ಭಾರ ಹೊತ್ತು ಏರುವಾಗ ಕಾಲು ಎದ್ದರೂ ಸ್ವಲ್ಪ ಕಾದು ನೋಡು, ಇದ್ದ ಗೇರಲ್ಲೇ ಇರು ಎಂದು ಬದಲಿಸಿದೆ. ಮತ್ತೆ ಏರಿದಾಗ ಮೊದಲ ಸಲ ಕಾಯುವ ಹೊತ್ತು ಸಾಲಲಿಲ್ಲ, ಇನ್ನಷ್ಟು ಹೆಚ್ಚಿಸಿದೆ. ಎರಡನೆಯ ಸಲ ಎಡಗಾಲು ನೆಲ ಒತ್ತಿತು, ಬಲಗಾಲು ಎದ್ದಿತು, ಗಾಡಿ ಕಾದಿತು. ಕಾಲು ಮತ್ತೆ ಇಳಿದಾಗ ಎಳೆದುಕೊಂಡು ಏರಿ ಹೋಯಿತು.

ಏರಿನ ತುದಿಯಲ್ಲಿ ಗಾಡಿ ನಿಲ್ಲಿಸಿ, ಅವರು ಸ್ಟೀರಿಂಗನ್ನು ಅಂಗೈಯಿಂದ ಒಮ್ಮೆ ತಟ್ಟಿದರು.

ಷೆಡ್ಡಿಗೆ ಬಂದು ವರದಿ ಬರೆದೆ. ಇಂಗ್ಲಿಷಿನಲ್ಲಿತ್ತು, ಹಾಗಾಗಿ ಅವರು ಓದಿ ಹೇಳಲು ಕೇಳಿದರು. ಗೇರ್ ಸೆಟ್ಟಿಂಗ್ ಈ ಕೆಲಸಕ್ಕೆ ಹೊಂದುತ್ತಿರಲಿಲ್ಲ, ಸರಿಪಡಿಸಲಾಗಿದೆ, ಸೆಟ್ಟಿಂಗ್ ಕೂರಿಸಿದ್ದು ನಾನು, ಚಾಲಕರ ತಪ್ಪಿಲ್ಲ ಎಂದು ಕನ್ನಡದಲ್ಲಿ ಹೇಳಿದೆ.

"ಕೊನೇದು ಇನ್ನೊಂದ್ಸಲ ಓದು ತಾಯಿ."

ಓದಿದೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಡಿಸಿದರು.

"ಇದು ಸಾವ್ಕಾರ್ರಿಗೆ ಕೊಡ್ಬೇಕು. ಇನ್ನೊಂದು ಜೆರಾಕ್ಸ್ ಮಾಡಿಸ್ಕೊಡ್ತೀಯಾ?" ಎಂದು ಮೆಲ್ಲಗೆ ಕೇಳಿದರು. "ಮನೇಲಿ ತೋರಿಸ್ಬೇಕು. ನೀ ಮೊದ್ಲು ಬರೆದ ಆ ಮೂರನ್ನೂ ಸೊಸೆ ಓದಿ ಹೇಳಿದ್ಲು."