ಎಡಗಡೆಯ ಸೀಟಿನ ದಿಂಬು

ಇವತ್ತು ಬೆಳಗ್ಗೆ ಕಾರಿನ ಹೊದಿಕೆ ಎತ್ತಿದಾಗ ಮತ್ತೆ ಅದೇ ವಾಸನೆ. ಹಳೆಯ ಚರ್ಮ, ಪೆಟ್ರೋಲು, ಅವುಗಳ ನಡುವೆ ಎಲ್ಲಿಂದಲೋ ದವನ. ನಮ್ಮ ಮನೆಯಲ್ಲಿ ದವನ ಮುಡಿಯುವವರು ಯಾರೂ ಇಲ್ಲ. ನನಗಂತೂ ಮಲ್ಲಿಗೆಗೇ ತಲೆನೋವು. ನೀವು ನಗಬಹುದು. ಚನ್ನಗಿರಿಯಲ್ಲಿ ಕೂತು ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಸಾಕುವವರನ್ನು ಕಂಡು ನಮ್ಮ ಬೀದಿಯೇ ನಕ್ಕಾಗಿದೆ.

ಆಸೆ ನಮ್ಮ ಯಜಮಾನರದು. ಅಡಿಕೆ ವ್ಯಾಪಾರದ ಮನುಷ್ಯ, ಒಂದು ಮೂಟೆಯನ್ನೂ ಹೊರಲಾರದ ಕಾರಿಗೆ ಮನಸೋತರು. ಹಸಿರು ಬಣ್ಣ, ಮಡಚುವ ಟಾಪು, ಎರಡೇ ಸೀಟು. ಅತ್ತೆ ಕೇಳಿದ್ದರು: "ತಲೆ ಮೇಲೆ ಸೂರಿಲ್ಲ, ಕೂರಾಕೆ ಜಾಗಿಲ್ಲ. ನನ್ನೇನು ಡಿಕ್ಕಿಯಾಗೆ ಹಾಕ್ಕಂಡು ಹೋಗ್ತೀಯೇನಪ್ಪಾ?"

"ಡಿಕ್ಕಿಯಾಗೆ ಸ್ಟೆಪ್ನಿ ಐತವ್ವಾ," ಎಂದರು ಇವರು, ಬಹಳ ಮರ್ಯಾದೆಯಿಂದ.

ಇಂಗ್ಲೆಂಡಿನಿಂದ ಒಂದು ವಾಷರ್ ತರಿಸಿದರೆ ಅದು ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತದೆಂದು ನಾನು ಹಳೆಯ ತಟ್ಟೆ ಇಟ್ಟರೆ, "ತೊಟ್ಟಿಕ್ಕಲಿ ಬಿಡೇ. ತೊಟ್ಟಿಕ್ಕೋದು ನಿಂತ ದಿನ ಒಳಗೆ ಎಣ್ಣೇನೇ ಇಲ್ಲ ಅಂತ ಹೆದರಿಕೋಬೇಕು," ಎನ್ನುತ್ತಾರೆ.

ದಾವಣಗೆರೆಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಾರು ಹತ್ತುವುದನ್ನೂ ಕಲಿಸಿದ್ದರು, ಕಾರಿಲ್ಲದೆ, ಒಂದು ಬೆಂಚಿನ ಮೇಲೆ. ಮೊದಲು ಕೂರಬೇಕು, ಆಮೇಲೆ ಕಾಲೆರಡನ್ನೂ ಜೋಡಿಸಿ ಒಳಗೆಳೆದುಕೊಳ್ಳಬೇಕು. ಆ ವಿದ್ಯೆ ಕೊನೆಗೂ ಉಪಯೋಗಕ್ಕೆ ಬಂದದ್ದು ಜಗಳೂರಿನ ಹತ್ತಿರದ ಒಂದು ಮನೆಯ ಮುಂದೆ. ಕಾರು ಶೇಂಗಾ ತುಂಬಿಡುವ ಕೋಣೆಯಲ್ಲಿತ್ತು. ಮಾರುತ್ತಿದ್ದವರು ಒಬ್ಬ ಅಜ್ಜಿ. ಸಣ್ಣ ಮೈ, ತುರುಬಿನಲ್ಲಿ ಒಂದು ಎಸಳು ದವನ. ಗಂಡ ತೀರಿಕೊಂಡ ಮೇಲೆ ಅವರು ಆ ಕಾರು ಹತ್ತಿರಲಿಲ್ಲವಂತೆ.

ಕೀ ಕೊಟ್ಟ ಅಜ್ಜಿ ಎಡಗಡೆಯ ಸೀಟಿನಿಂದ ಒಂದು ದಿಂಬು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ದನ ಮಾರಿದ್ರೂ ಹಗ್ಗ ಕೊಡಲ್ಲವ್ವಾ ನಾವು. ಹಗ್ಗ ಕೊಟ್ರೆ ಅದರ ಹಿಂದೆ ಎಲ್ಲಾ ಹೋಗ್ತೈತೆ."

ನಾನು ಗಿಡ್ಡಿ. ಕೂತರೆ ಗಾಜಿನಾಚೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ದನ ಕಟ್ಟಿ ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. "ಅಜ್ಜಿ, ಆ ದಿಂಬು ನನಗೆ ಕೊಡ್ತೀರಾ?" ಎಂದುಬಿಟ್ಟೆ. ಇವರು ನನ್ನ ತೋಳು ಚಿವುಟಿದರು.

ಅಜ್ಜಿ ನನ್ನನ್ನೇ ನೋಡುತ್ತ ನಿಂತರು. "ತಗಾ. ನೀನಾಗೇ ಕೇಳಿದೀಯಾ."

ಮೊದಮೊದಲು ಸುಖವಾಗಿತ್ತು. ಗಾಳಿಯಲ್ಲಿ ಇವರು ಕಿರುಚಿ ಮಾತಾಡುವುದು, ನಾನು ಅರ್ಧ ಕೇಳಿ ಪೂರ್ತಿ ತಲೆಯಾಡಿಸುವುದು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವರ ಪಕ್ಕ ನಾನೊಬ್ಬಳೇ ಕೂರುವ ಜಾಗವೊಂದು ಸಿಕ್ಕಿತ್ತು. ಆಮೇಲೆ ಒಂದು ಮಧ್ಯಾಹ್ನ ಇವರು ನ್ಯಾಮತಿ, ಹೊನ್ನಾಳಿ ಸುತ್ತಿ ಬಂದವರು ಅಡುಗೆಮನೆ ಬಾಗಿಲಲ್ಲಿ ನಿಂತು, "ಯಾಕೆ, ಸಿಟ್ಟೇನೇ? ದಾರಿ ಪೂರ್ತಿ ಒಂದು ಮಾತಾಡಲಿಲ್ಲ," ಎಂದರು.

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. "ನಾನೆಲ್ಲಿ ಬಂದಿದ್ದೆ ರೀ?"

ಅವರು ಹೊರಗೆ ನಿಂತ ಕಾರಿನ ಕಡೆ ತಿರುಗಿ ನೋಡಿದರು. ಆಮೇಲೆ ನಕ್ಕರು. ನಾನೂ ನಕ್ಕೆ. ಚಪಾತಿ ಸೀದುಹೋಯಿತು.

ಇನ್ನೊಮ್ಮೆ ಇವರೊಬ್ಬರೇ ಗೋವಿನಕೋವಿಯಲ್ಲಿ ಚಹಾಕ್ಕೆ ನಿಂತಾಗ, ಅಂಗಡಿಯಾಕೆ ಕೇಳದೆಯೇ ಎರಡು ಲೋಟ ತಂದಳಂತೆ. "ಅಮ್ಮಾರು ಇಳಿಯಲ್ವೇನ್ರಿ?" ಅದನ್ನು ಹೇಳುವಾಗ ಇವರು ನನ್ನ ಕಣ್ಣು ತಪ್ಪಿಸಿದರು. ಎರಡನೆಯ ಲೋಟ ಏನಾಯಿತೆಂದು ನಾನು ಕೇಳಲಿಲ್ಲ. ಅಲ್ಲಿಂದ ಮುಂದೆ "ಬರ್ತೀಯೇನೇ?" ಎಂದು ಕರೆಯುವುದೇ ನಿಂತಿತು. ನಾನು ತಲೆ ಬಾಚಿ ಹೊರಗೆ ಬರುವಷ್ಟರಲ್ಲಿ ಕಾರು ಗೇಟು ದಾಟಿರುತ್ತಿತ್ತು. ಸವತಿಯಿದ್ದರೆ ಜಗಳವಾಡಬಹುದಿತ್ತು, ಖಾಲಿ ಸೀಟಿನ ಜೊತೆ ಹೆಂಗೆ ಆಡುವುದು?

ಒಂದು ದಿನ ಇವರು ಕಾರು ತೆಗೆದುಕೊಂಡು ಹೊನ್ನಾಳಿಗೆ ಹೋಗುವ ಮೊದಲೇ ದಿಂಬನ್ನು ಎತ್ತಿ ಚೀಲಕ್ಕೆ ಹಾಕಿ ಜಗಳೂರಿನ ಬಸ್ಸು ಹತ್ತಿದೆ. ಹಗ್ಗ ವಾಪಸು ಕೊಟ್ಟರೆ ಹಿಂದೆ ಬಂದದ್ದೂ ಹೋಗುತ್ತದೆ ಎಂಬುದು ನನ್ನ ಲೆಕ್ಕ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲಿತ್ತು. ದಿಂಬಿಗಿಂತ ಭಾರವಾಗಿತ್ತು, ಮಲಗಿದ ಮಗುವಿನ ಹಾಗೆ.

ಅಜ್ಜಿ ಜಗುಲಿಯ ಮೇಲೆ ಗಟ್ಟಿಮುಟ್ಟಾಗಿ ಕೂತು ಶೇಂಗಾ ಬಿಡಿಸುತ್ತಿದ್ದರು. ಎಲೆಯೂ ಅಲುಗದ ಮಧ್ಯಾಹ್ನ. ಆದರೆ ಅವರ ಬಿಳಿ ಕೂದಲೆಲ್ಲ ಕೆದರಿ ಹಿಂದಕ್ಕೆ ಹಾರಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು.

"ಕಿವಿ ನೋವಾ ಅಜ್ಜಿ?"

"ಗಾಳಿ ಕಣವ್ವಾ. ನಿನ್ನೆ ಹೊನ್ನಾಳಿ ಹೊಳೆ ಹತ್ರ ಭಾಳ ಗಾಳಿ." ಒಂದು ಕಾಯಿ ಒಡೆದು ಬೀಜ ನನ್ನ ಅಂಗೈಗೆ ಹಾಕಿದರು. "ನಿಮ್ಮನೆಯವರು ಒಳ್ಳೇರು. ನಿಧಾನ ಬಿಡ್ತಾರೆ. ನಮ್ಮೋರು ಹಾರಿಸೋರು."

ಹಿಂದಿನ ದಿನವೂ ಇವರು ಹೊನ್ನಾಳಿಗೆ ಹೋಗಿದ್ದರು. ಚೀಲದ ಬಾಯಿ ಬಿಚ್ಚಿದೆ. ದಿಂಬು ಕಂಡದ್ದೇ ಅಜ್ಜಿಯ ಕೈ ನಿಂತಿತು.

"ಕೊಡಾಕೆ ಬಂದೆಯಾ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಕೊಡು. ನಿಂದೇ ಜಾಗ ಅದು. ನಾನು ಎಲ್ಲಿಗೂ ಹೋಗ್ದೇ ಎಷ್ಟು ವರ್ಷ ಆಗಿತ್ತು ಅಂತ, ಹೋದೆ ಅಷ್ಟೇ."

ಹೆದರಿಕೆ ಹೋಯಿತೆಂದು ಹೇಳಲಾರೆ. ಹೆದರಿಕೊಂಡೇ ಚೀಲದ ಬಾಯಿ ಮತ್ತೆ ಕಟ್ಟಿದೆ. "ಇರಲಿ ಬಿಡಿ," ಎಂದೆ. ನನಗೊಂದು ಜಾಗ ಬೇಕಿತ್ತು. ಅದೇ ಜಾಗವೇ ಆಗಬೇಕೆಂದು ಯಾರು ಹೇಳಿದ್ದರು?

ಮನೆಗೆ ಬಂದು ಇವರ ಹತ್ತಿರ ಡ್ರೈವಿಂಗ್ ಕಲಿಸಿ ಎಂದೆ. ನನ್ನ ಬೆನ್ನಿಗೊಂದು, ಕೆಳಗೊಂದು ಹೊಸ ದಿಂಬು ಹೊಲಿದುಕೊಂಡೆ. ಹಳೆಯದು ಅದರ ಸೀಟಿಗೇ ಹೋಯಿತು. ಕಲಿಸುವಾಗ ಇವರು ಎಡಗಡೆ ಮುದುಡಿ ಕೂರುತ್ತಿದ್ದರು. "ಯಾಕೋ ಈ ಕಡೆ ಜಾಗನೇ ಸಾಲಲ್ಲ ಕಣೇ." ನಾನು ರಸ್ತೆ ನೋಡುತ್ತಿದ್ದೆ.

ಇವತ್ತು ಮೊದಲ ಸಲ ಇವರಿಲ್ಲದೆ ಹೊರಟಿದ್ದೇನೆ, ತ್ಯಾವಣಿಗೆಯವರೆಗೆ. ಇವರು ಗೇಟು ಹಿಡಿದು ನಿಂತಿದ್ದಾರೆ. ನನಗಿಂತ ಅವರಿಗೇ ಭಯ. ಕ್ಲಚ್ ಒತ್ತಿದೆ. ಕಾರು ಎಡಕ್ಕೆ ಚೂರು ತಗ್ಗಿತು, ಯಾರೋ ಮೊದಲು ಕೂತು ಆಮೇಲೆ ಕಾಲು ಒಳಗೆಳೆದುಕೊಂಡ ಹಾಗೆ. ಆ ಕಡೆ ತಿರುಗಿ ನೋಡುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

"ಸೆರಗು ಒಳಗೆ ತಗೊಳ್ಳಿ ಅಜ್ಜಿ," ಎಂದೆ, "ಬಾಗಿಲಿಗೆ ಸಿಕ್ಕೀತು. ನಾನು ಸ್ವಲ್ಪ ಜೋರಾಗೇ ಬಿಡ್ತೀನಿ."